ಹೆಬ್ಬೆಟ್ಟು ಒತ್ತುವ ಮುಂಚೆ

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಅಕ್ಕ ಒಬ್ಬಳು ಮೊನ್ನೆ ಕೈಗೆ ಪಟ್ಟಿ ಕಟ್ಟಿಕೊಂಡು ಬಂದಳು. "ಗಂಡ ಹೊಡೆದ, ಟೀಚರೇ. ಠಾಣೆಗೆ ಹೋಗಿದ್ದೆ. ಯಾವುದೋ ಹಾಳೆಗೆ ಹೆಬ್ಬೆಟ್ಟು ಒತ್ತಿಸಿಕೊಂಡರು" ಅಂದಳು. ಅವಳಿಗೆ ಸಹಿ ಮಾಡಲು ಬರುತ್ತದೆ. ಗಾಬರಿಯಲ್ಲಿ ಮರೆತಿದ್ದಳು.

ಪೊಲೀಸರು ತನಿಖೆ ಮುಗಿಸಿ ಕೋರ್ಟಿಗೆ ಚಾರ್ಜ್‌ಶೀಟ್ ಕೊಡುತ್ತಾರೆ. ಅದಕ್ಕೆ ತಿಂಗಳುಗಟ್ಟಲೆ ಆಗಬಹುದು. ಅಲ್ಲಿಯವರೆಗೆ ನಾವು ಬಾಯಿ ಮುಚ್ಚಿಕೊಂಡು ಕೂರಬೇಕೇ? ಬೇಡ. 2024ರ ಜುಲೈ 1ರಿಂದ ಹೊಸ ಕಾನೂನು ಬಂದಿದೆ. ಅದರ ಹೆಸರು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ಹೆಸರು ದೊಡ್ಡದು. ಅದರಲ್ಲಿ ನಮಗೆ ಬೇಕಾದ ಮಾತು ಸಣ್ಣದು.

ದೂರನ್ನು ಬಾಯಲ್ಲಿ ಹೇಳಿದರೂ ಸಾಕು. ಪೊಲೀಸರು ಬರೆದುಕೊಳ್ಳಬೇಕು. ಬರೆದದ್ದನ್ನು ನಮಗೆ ಓದಿ ಹೇಳಬೇಕು. ಆಮೇಲೆ ನಮ್ಮ ಸಹಿ. ನಾವು ಹೇಳಿದ್ದೇ ಒಂದು, ಅಲ್ಲಿ ಬರೆದದ್ದೇ ಇನ್ನೊಂದು ಆದರೆ ಸಹಿ ಹಾಕಬಾರದು. ಪ್ರಥಮ ವರ್ತಮಾನ ವರದಿ, ಅಂದರೆ ಎಫ್.ಐ.ಆರ್. ಪ್ರತಿಯನ್ನು ಪುಕ್ಕಟೆ ಕೊಡಬೇಕು. ಕೇಳಿ ತೆಗೆದುಕೊಳ್ಳಿ. ಸಣ್ಣಪುಟ್ಟ ಜಗಳಕ್ಕೆಲ್ಲ ಎಫ್.ಐ.ಆರ್. ಆಗುವುದಿಲ್ಲ ಅನ್ನುವುದೂ ನಿಜ. ಕೆಲವು ಅಪರಾಧಗಳಲ್ಲಿ ಪೊಲೀಸರು ಮೊದಲು 14 ದಿನದೊಳಗೆ ವಿಚಾರಿಸಿ ನೋಡಬಹುದು.

"ಇದು ನಮ್ಮ ಠಾಣೆಗೆ ಸೇರಲ್ಲ, ಹೋಗಮ್ಮ" ಅನ್ನುವ ಹಾಗಿಲ್ಲ. ಹಿರಿಯೂರಿನಲ್ಲಿ ನಡೆದದ್ದನ್ನು ಹೊಳಲ್ಕೆರೆಯಲ್ಲೂ ಹೇಳಬಹುದು. 2022ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಇಬ್ಬರು ಬಾಲಕಿಯರ ದೂರು ದಾಖಲಾದದ್ದು ಮೈಸೂರಿನ ನಜರಬಾದ್ ಠಾಣೆಯಲ್ಲಿ. ಆಮೇಲೆ ಕೇಸು ಚಿತ್ರದುರ್ಗಕ್ಕೆ ಬಂತು. ದೂರು ನಿಜವೋ ಸುಳ್ಳೋ ಎಂದು ತೀರ್ಮಾನ ಮಾಡುವುದು ಕೋರ್ಟು. ಬರೆದುಕೊಳ್ಳುವುದು ಠಾಣೆಯ ಕೆಲಸ.

ಹೇಳಿಕೆ ಬೇಕೆಂದು ಹೆಂಗಸನ್ನು ಠಾಣೆಗೆ ಕರೆಸಬಾರದು. ಪೊಲೀಸರೇ ಮನೆಗೆ ಬರಬೇಕು. ಅತ್ಯಾಚಾರದಂಥ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಅತ್ಯಾಚಾರ, ಆಸಿಡ್ ದಾಳಿಗೆ ಒಳಗಾದವರಿಗೆ ಖಾಸಗಿ ಆಸ್ಪತ್ರೆಯವರೂ ಕಾಸು ಕೇಳದೆ ಚಿಕಿತ್ಸೆ ಕೊಡಬೇಕು. ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ನಮಗೆ ತಿಳಿಸಬೇಕು.

ಠಾಣೆಯಲ್ಲಿ ದೂರು ತೆಗೆದುಕೊಳ್ಳಲಿಲ್ಲ ಅನ್ನಿ. ಆಗ ನಡೆದದ್ದನ್ನು ಬರೆದು ಚಿತ್ರದುರ್ಗದ ಎಸ್.ಪಿ.ಯವರಿಗೆ ಅಂಚೆಯಲ್ಲಿ ಕಳಿಸಬೇಕು. ಅಂಚೆ ರಸೀದಿ ಜೋಪಾನ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು. ವಕೀಲರಿಗೆ ಕೊಡಲು ದುಡ್ಡಿಲ್ಲ ಎಂಬ ಚಿಂತೆ ಬೇಡ. ಹೆಂಗಸರಿಗೆ ಕಾನೂನು ಸೇವಾ ಪ್ರಾಧಿಕಾರ ಪುಕ್ಕಟೆ ವಕೀಲರನ್ನು ಕೊಡುತ್ತದೆ. ಆದಾಯ ಎಷ್ಟು ಎಂದು ಕೇಳುವುದಿಲ್ಲ. 15100ಕ್ಕೆ ಫೋನ್ ಮಾಡಿ ವಿಚಾರಿಸಿ. ಹೊಡೆತ ಬೀಳುತ್ತಿರುವಾಗಲೇ ಆದರೆ 112.

ಆ ಅಕ್ಕ ತಮ್ಮನ ಜೊತೆ ಮತ್ತೆ ಠಾಣೆಗೆ ಹೋಗಿ ಹಾಳೆಯ ಪ್ರತಿ ತಂದಳು. ಲಾಟೀನು ಇಲ್ಲದ ಕಾಲ ಇದು, ಆದರೂ ಅವತ್ತು ಕರೆಂಟು ಹೋಗಿತ್ತು. ಮೊಬೈಲಿನ ಬೆಳಕಲ್ಲಿ ಅಕ್ಷರ ಕೂಡಿಸಿ ಅವಳೇ ಓದಿದಳು. "ಜಾರಿ ಬಿದ್ದು ಕೈಗೆ ಪೆಟ್ಟಾಗಿದೆ" ಎಂದಿತ್ತು. ಗಂಡನ ಹೆಸರೇ ಇರಲಿಲ್ಲ. ತುಂಬ ಹೊತ್ತು ಸುಮ್ಮನೆ ಕೂತಿದ್ದಳು.

ಈಗ ಎಸ್.ಪಿ.ಯವರಿಗೆ ಅರ್ಜಿ ಬರೆಯುತ್ತಿದ್ದಾಳೆ. ನಾನು ಬರೆದುಕೊಡುತ್ತೇನೆ ಅಂದೆ. ಬೇಡ ಅಂದಳು. ನಾಲ್ಕು ಸಾಲು ಆಗಿದೆ.