ಹಲಗೆಯೋ, ಕೀಲಿಮಣೆಯೋ?

ಬೇಸಗೆಯ ರಜೆಯು ಮುಗಿದು ಶಾಲೆಗಳು ತೆರೆಯುವ ಕಾಲವು ಸಮೀಪಿಸಿತೆಂದರೆ ಮಧ್ಯಮ ಸ್ಥಿತಿಯ ಗೃಹಸ್ಥರ ಮನೆಗಳಲ್ಲಿ ಲೆಕ್ಕಾಚಾರವು ಆರಂಭವಾಗುತ್ತದೆ. ಶುಲ್ಕ, ಪುಸ್ತಕ, ಸಮವಸ್ತ್ರ, ವಾಹನದ ಬಾಡಿಗೆ ಇವೇ ಮೊದಲಾದ ಹಳೆಯ ಬಾಬುಗಳ ಜೊತೆಗೆ, 2020ರ ಮಾರ್ಚಿಯಲ್ಲಿ ಕೋವಿಡ್ ವ್ಯಾಧಿಯ ದೆಸೆಯಿಂದ ಶಾಲೆಗಳು ಮುಚ್ಚಿದಂದಿನಿಂದ, ಹೊಸದೊಂದು ಬಾಬು ಸೇರಿಕೊಂಡಿದೆ. ಮಗುವಿನ ಓದಿಗೆ ಯಂತ್ರವೊಂದು ಬೇಕು. ಅದು ಟ್ಯಾಬ್ಲೆಟ್ ಆಗಿರಬೇಕೆ, ಲ್ಯಾಪ್‌ಟಾಪ್ ಆಗಿರಬೇಕೆ? ಪ್ರಶ್ನೆಯು ಮನೆವಾರ್ತೆಗೆ ಸೇರಿದುದೆಂದು ತೋರಬಹುದು. ಆದರೆ ಸರ್ಕಾರಗಳು ಇದೇ ಯಂತ್ರಗಳನ್ನು ಲಕ್ಷಗಟ್ಟಲೆಯಾಗಿ ಪ್ರಜೆಗಳ ತೆರಿಗೆಯ ಹಣದಿಂದ ಕೊಂಡು ಹಂಚುತ್ತಿರುವುದರಿಂದ ಇದು ಸಾರ್ವಜನಿಕ ವಿಷಯವೂ ಆಗಿದೆ. ನಮ್ಮ ವಾಚಕರಲ್ಲಿ ತಂದೆತಾಯಿಗಳೂ ಇದ್ದಾರೆ, ಇಲಾಖೆಗಳ ಅಧಿಕಾರಿಗಳೂ ಇದ್ದಾರೆ. ಉಭಯರೂ ಆಲೋಚಿಸತಕ್ಕ ಕೆಲವು ಸಂಗತಿಗಳನ್ನು ಇಲ್ಲಿ ನಿವೇದಿಸುತ್ತೇವೆ.

ಮೊದಲು ಇವೆರಡರ ಭೇದವನ್ನು ತಿಳಿಯಬೇಕು. ಟ್ಯಾಬ್ಲೆಟ್ ಎಂಬುದು ಗಾಜಿನ ಹಲಗೆ. ಬೆರಳಿನಿಂದ ಮುಟ್ಟಿ ನಡೆಸತಕ್ಕದ್ದು. ತೂಕ ಸುಮಾರು ಅರ್ಧ ಕಿಲೋ. ಒಂದು ಸಲ ವಿದ್ಯುತ್ತು ತುಂಬಿದರೆ ಸಾಧಾರಣವಾಗಿ ಒಂದು ದಿನದ ಪಾಠಕ್ಕೆ ಸಾಲುತ್ತದೆ. ಲ್ಯಾಪ್‌ಟಾಪ್ ಎಂಬುದು ಕೀಲಿಮಣೆಯುಳ್ಳ ಪೂರ್ಣ ಗಣಕ. ತೂಕ ಒಂದೂಕಾಲರಿಂದ ಎರಡು ಕಿಲೋವರೆಗೆ; ಬೆಲೆಯು ಸಾಮಾನ್ಯ ಟ್ಯಾಬ್ಲೆಟ್ಟಿನ ಎರಡು ಮೂರು ಪಾಲು. ಮೊದಲನೆಯದು ನೋಡುವುದಕ್ಕೂ ಓದುವುದಕ್ಕೂ ಅನುಕೂಲವಾದುದು. ಎರಡನೆಯದು ಬರೆಯುವುದಕ್ಕೂ ಲೆಕ್ಕಪಟ್ಟಿಗಳನ್ನು ಮಾಡುವುದಕ್ಕೂ ಕ್ರಮವಿಧಿಗಳನ್ನು ರಚಿಸುವುದಕ್ಕೂ ಅನುಕೂಲವಾದುದು. ಆದುದರಿಂದ ಯಾವುದು ಉತ್ತಮವೆಂದು ಕೇಳುವುದಕ್ಕೆ ಮುಂಚೆ, ನಮ್ಮ ಹುಡುಗನು ಅಥವಾ ಹುಡುಗಿಯು ಅದರಿಂದ ಮಾಡತಕ್ಕ ಕೆಲಸವೇನೆಂದು ಕೇಳಿಕೊಳ್ಳುವುದು ಯುಕ್ತ.

ಅಗ್ಗದ ಯಂತ್ರದಿಂದ ವಿದ್ಯಾಪ್ರಸಾರ ಮಾಡಬೇಕೆಂಬ ಹಂಬಲವು ನಮ್ಮ ನಾಡಿಗೆ ಹೊಸದಲ್ಲ. ಭಾರತೀಯ ವಿಜ್ಞಾನ ಮಂದಿರದ ಕೆಲವರು ಪ್ರಾಧ್ಯಾಪಕರೂ ಬೆಂಗಳೂರಿನ ಒಂದು ತಂತ್ರಾಂಶ ಸಂಸ್ಥೆಯ ಎಂಜಿನಿಯರರೂ ಕೂಡಿ ಕೈಯಲ್ಲಿ ಹಿಡಿಯತಕ್ಕ 'ಸಿಂಪ್ಯೂಟರ್' ಎಂಬ ಯಂತ್ರವನ್ನು ಯೋಜಿಸಿದರು. ಅಕ್ಷರ ಬಾರದವನೂ ಬಳಸುವಂತೆ, ದೇಶಭಾಷೆಗಳಲ್ಲಿ ಮಾತನಾಡುವಂತೆ ಅದನ್ನು ಕಲ್ಪಿಸಿದ್ದರು. ಅದರ ಒಂದು ರೂಪವು 2004ರಲ್ಲಿ ಮಾರುಕಟ್ಟೆಗೆ ಬಂದರೂ ವ್ಯಾಪಾರದಲ್ಲಿ ನಿಲ್ಲಲಿಲ್ಲ. ತರುವಾಯ 2011ರ ಅಕ್ಟೋಬರ್ 5ರಂದು ಕೇಂದ್ರ ಸರ್ಕಾರದವರು ದೆಹಲಿಯಲ್ಲಿ 'ಆಕಾಶ್' ಎಂಬ ಟ್ಯಾಬ್ಲೆಟ್ಟನ್ನು ಬಹು ಸಂಭ್ರಮದಿಂದ ಬಿಡುಗಡೆ ಮಾಡಿದರು. ಸರ್ಕಾರಕ್ಕೆ ಒಂದಕ್ಕೆ ಬಿದ್ದ ಬೆಲೆ ಸುಮಾರು 2,276 ರೂಪಾಯಿ. ಏಳು ಅಂಗುಲದ ಪರದೆ, 256 ಎಂ.ಬಿ. ಮೆಮೊರಿ. ಪ್ರಪಂಚದಲ್ಲೇ ಅತ್ಯಂತ ಅಗ್ಗದ ಟ್ಯಾಬ್ಲೆಟ್ಟೆಂದು ಅದು ಹೆಸರಾಯಿತು. ಆದರೆ ಮುಟ್ಟಿದರೆ ತಡವಾಗಿ ಓಗೊಡುವುದೆಂದೂ ವಿದ್ಯುತ್ತು ಬೇಗನೆ ತೀರುವುದೆಂದೂ ದೂರುಗಳು ಬಂದವು; ಮರುವರ್ಷವೇ ಸುಧಾರಿಸಿದ ಎರಡನೆಯ ಆವೃತ್ತಿಯನ್ನು ಹೊರತರಬೇಕಾಯಿತು. ಕೆಲವೇ ವರ್ಷಗಳಲ್ಲಿ ಆ ಯೋಜನೆಯ ಮಾತೇ ಅಡಗಿತು. ಅಗ್ಗವಾಗಿರುವುದೊಂದೇ ಗುಣವಾದರೆ ಸಾಲದು ಎಂಬುದನ್ನು ನಾವು ಇದರಿಂದ ಕಲಿಯಬೇಕಾಗಿತ್ತು.

ನಮ್ಮ ರಾಜ್ಯ ಸರ್ಕಾರದವರ ನಡೆಯೂ ಒಂದೇ ತೆರನಾಗಿರಲಿಲ್ಲ. ಸರ್ಕಾರಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಮೊದಲು ಲ್ಯಾಪ್‌ಟಾಪ್‌ಗಳನ್ನು ಹಂಚಿದವರು 2021ರ ಜೂನ್ ತಿಂಗಳಲ್ಲಿ ಸುಮಾರು ಒಂದೂವರೆ ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್‌ಗಳನ್ನು ಕೊಡಲು ತೊಡಗಿದರು. ತಮಿಳುನಾಡಿನವರು 2011ರಲ್ಲಿ ಲ್ಯಾಪ್‌ಟಾಪನ್ನೇ ಆರಿಸಿಕೊಂಡರು. ಹರಿಯಾಣದವರು 2022ರಲ್ಲಿ ಹತ್ತರಿಂದ ಹನ್ನೆರಡನೆಯ ತರಗತಿಯವರೆಗಿನ ಮಕ್ಕಳಿಗೆ ಟ್ಯಾಬ್ಲೆಟ್ ಕೊಟ್ಟರು. ಒಬ್ಬೊಬ್ಬರು ಒಂದೊಂದನ್ನು ಹಿಡಿಯುವಾಗ, ಯಾವ ಕೆಲಸಕ್ಕೆ ಯಾವುದು ತಕ್ಕದ್ದೆಂಬ ವಿವೇಚನೆಯು ಜಾಹೀರಾತುಗಳಲ್ಲಿ ಕಾಣುವುದಿಲ್ಲ. ಕೊಡುವ ಕೈಯ ಚಿತ್ರವು ಮಾತ್ರ ದೊಡ್ಡದಾಗಿ ಕಾಣುತ್ತದೆ.

ಪರದೇಶಗಳ ಅನುಭವವನ್ನೂ ನೋಡೋಣ. ಅಮೆರಿಕದ ಲಾಸ್ ಏಂಜಲಿಸ್ ನಗರದ ಶಾಲಾ ಮಂಡಲಿಯವರು 2013ರಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಗೂ ಐಪ್ಯಾಡ್ ಕೊಡುವ ಮಹಾಯೋಜನೆಯನ್ನು ಹೂಡಿದರು. ಕೆಲವು ವಾರಗಳೊಳಗಾಗಿಯೇ ಹುಡುಗರು ಯಂತ್ರಗಳ ಕಟ್ಟುಪಾಡನ್ನು ಕಳಚಿ ತಮಗೆ ಬೇಕಾದುದನ್ನು ನೋಡತೊಡಗಿದರು. ದೊಡ್ಡ ತರಗತಿಗಳ ಬರವಣಿಗೆಗೆ ಪ್ರತ್ಯೇಕ ಕೀಲಿಮಣೆಗಳು ಬೇಕೆಂಬುದೂ ಅದಕ್ಕೆ ಮತ್ತೆ ಕೋಟಿಗಟ್ಟಲೆ ಡಾಲರುಗಳು ಬೇಕೆಂಬುದೂ ತರುವಾಯ ಹೊರಬಿದ್ದವು. 2014ರಲ್ಲಿ ಆ ಕರಾರು ನಿಂತುಹೋಗಿ, ಶಾಲೆಗಳಿಗೆ ಲ್ಯಾಪ್‌ಟಾಪ್‌ಗಳನ್ನು ಆರಿಸಿಕೊಳ್ಳುವ ಅವಕಾಶವು ದೊರೆಯಿತು. ಅದೇ ದೇಶದ ಮೇನ್ ಸಂಸ್ಥಾನದವರು 2002ರಿಂದಲೇ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಡುತ್ತ ಬಂದವರು. ನಡುವೆ ಕೆಲವು ಶಾಲೆಗಳು ಟ್ಯಾಬ್ಲೆಟ್ಟಿಗೆ ಹೊರಳಿ, ಅವು ಆಟದ ಸಾಮಾನುಗಳಾದುವೆಂದು ಕಂಡು 2016ರಲ್ಲಿ ಲ್ಯಾಪ್‌ಟಾಪ್‌ಗೆ ಮರಳಿದವು.

ಹಾಗೆಂದು ಲ್ಯಾಪ್‌ಟಾಪ್ ಕೊಟ್ಟಮಾತ್ರಕ್ಕೆ ವಿದ್ಯೆಯು ಬರುವುದೆಂದು ತಿಳಿಯಬಾರದು. ಪೆರು ದೇಶದ ಗ್ರಾಮಾಂತರದ 319 ಪ್ರಾಥಮಿಕ ಶಾಲೆಗಳಲ್ಲಿ 'ಮಗುವಿಗೊಂದು ಲ್ಯಾಪ್‌ಟಾಪ್' ಯೋಜನೆಯ ಫಲವನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಮಕ್ಕಳ ಅಂಕಗಳು ಏರಲಿಲ್ಲ. ಸ್ವೀಡನ್ ದೇಶದವರು ಮಕ್ಕಳ ಕೈಗೆ ಯಂತ್ರಗಳನ್ನು ಧಾರಾಳವಾಗಿ ಕೊಟ್ಟು ನೋಡಿ, 2023ರಲ್ಲಿ ಅಚ್ಚಿನ ಪಠ್ಯಪುಸ್ತಕಗಳಿಗಾಗಿ 68 ಕೋಟಿಗೂ ಮೀರಿದ ಕ್ರೋನಾರುಗಳನ್ನು ತೆಗೆದಿರಿಸಿದರು. ಕಾಗದದ ಮೇಲೆ ಓದುವುದನ್ನೂ ಪರದೆಯ ಮೇಲೆ ಓದುವುದನ್ನೂ ಹೋಲಿಸಿದ 54 ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ವಿಮರ್ಶೆಯೊಂದು, ವಿಷಯಪ್ರಧಾನವಾದ ಬರಹವನ್ನು ಗ್ರಹಿಸುವುದಕ್ಕೆ ಕಾಗದವೇ ಮೇಲೆಂದು ತೋರಿಸಿತು. ಪಠ್ಯಪುಸ್ತಕದ ಸ್ಥಾನವನ್ನು ಈ ಎರಡು ಯಂತ್ರಗಳಲ್ಲಿ ಒಂದೂ ಆಕ್ರಮಿಸತಕ್ಕದ್ದಲ್ಲವೆಂಬುದು ನಮ್ಮ ದೃಢವಾದ ಅಭಿಪ್ರಾಯ. ನಮ್ಮ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಉತ್ತರಗಳನ್ನು ಕೈಯಿಂದಲೇ ಬರೆಯಬೇಕೆಂಬುದನ್ನು ತಂದೆತಾಯಿಗಳು ಮರೆಯಬಾರದು.

ಟ್ಯಾಬ್ಲೆಟ್ಟಿನ ಪಕ್ಷದಲ್ಲಿ ಹೇಳತಕ್ಕ ಮಾತುಗಳೂ ಇವೆ. ನ್ಯಾಯವಾಗಿ ಅವನ್ನು ಹೇಳಬೇಕು. ನಮ್ಮ ವಿದ್ಯಾ ಇಲಾಖೆಯವರು 2019ರಲ್ಲಿ ಹೊರಡಿಸಿದ ಆಜ್ಞೆಯಂತೆ ಆರರಿಂದ ಎಂಟನೆಯ ತರಗತಿಯ ಮಗುವಿನ ಚೀಲವು ಮೂರರಿಂದ ನಾಲ್ಕು ಕಿಲೋ ಮೀರಬಾರದು. ದೊಡ್ಡ ಪರದೆಯ ಲ್ಯಾಪ್‌ಟಾಪೂ ಅದರ ವಿದ್ಯುತ್ ಸಲಕರಣೆಯೂ ಸೇರಿ ಎರಡು ಕಿಲೋ ಆದರೆ, ಪುಸ್ತಕಕ್ಕೂ ಬುತ್ತಿಗೂ ಉಳಿಯುವುದೆಷ್ಟು? ವಿದ್ಯುತ್ತು ಹೊತ್ತುಗೊತ್ತಿಲ್ಲದೆ ಹೋಗುವ ಹಳ್ಳಿಗಳಲ್ಲಿ ಟ್ಯಾಬ್ಲೆಟ್ಟು ಹೆಚ್ಚು ಹೊತ್ತು ನಡೆಯುತ್ತದೆ. ಫೋನಿನ ಸಲಕರಣೆಯಿಂದಲೇ ಅದಕ್ಕೆ ವಿದ್ಯುತ್ತು ತುಂಬಬಹುದು. ಚಿತ್ರ ಬರೆಯುವ ಮಗುವಿಗೆ, ರೇಖಾಗಣಿತವನ್ನು ಲೇಖನಿಯಿಂದ ಪರದೆಯ ಮೇಲೆ ಮಾಡುವ ವಿದ್ಯಾರ್ಥಿಗೆ, ದೃಷ್ಟಿಯ ಅಥವಾ ಕೈಗಳ ಊನದಿಂದ ಕೀಲಿಮಣೆಯನ್ನು ಬಳಸಲಾರದ ಮಗುವಿಗೆ ಅದು ನಿಜವಾದ ಉಪಕಾರಿ. ಇಂಥವರ ವಿಷಯದಲ್ಲಿ ನಾವು ಮುಂದೆ ಹೇಳುವ ಮಾತು ಅನ್ವಯಿಸುವುದಿಲ್ಲ.

ಆದರೆ ಸಾಮಾನ್ಯ ವಿದ್ಯಾರ್ಥಿಯ ಮನೆಯಲ್ಲಿ ಪಾಠಗಳನ್ನು ನೋಡುವ ಸಾಧನವು ಈಗಾಗಲೇ ಇರುತ್ತದೆ. ಪ್ರಥಮ್ ಸಂಸ್ಥೆಯವರ 'ಅಸರ್' ವರದಿಗಳ ಪ್ರಕಾರ ದೇಶದ ಗ್ರಾಮಾಂತರದಲ್ಲಿ ಕೂಡ ನೂರಕ್ಕೆ ಸುಮಾರು ತೊಂಬತ್ತು ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇದೆ. ಅದನ್ನು ಬಳಸಬಲ್ಲ 14ರಿಂದ 16 ವಯಸ್ಸಿನವರಲ್ಲಿ, 2024ರ ವರದಿಯಂತೆ, ಹಿಂದಿನ ವಾರದಲ್ಲಿ ಓದಿಗಾಗಿ ಬಳಸಿದವರು ನೂರಕ್ಕೆ 57. ಸಾಮಾಜಿಕ ಜಾಲತಾಣಗಳಿಗಾಗಿ ಬಳಸಿದವರು 76. ಟ್ಯಾಬ್ಲೆಟ್ ಎಂಬುದು ಬಹುಮಟ್ಟಿಗೆ ಇದೇ ಫೋನಿನ ವಿಸ್ತಾರವಾದ ರೂಪ. ಇಲ್ಲದಿರುವುದು ಗಣಕ: 2023ರ ವರದಿಯು 28 ಜಿಲ್ಲೆಗಳಲ್ಲಿ ವಿಚಾರಿಸಿದ 14ರಿಂದ 18 ವಯಸ್ಸಿನವರಲ್ಲಿ ನೂರಕ್ಕೆ ಸುಮಾರು ಒಂಬತ್ತು ಮಂದಿಯ ಮನೆಯಲ್ಲಿ ಮಾತ್ರ ಅದು ಇತ್ತು. ಇದ್ದುದನ್ನೇ ದೊಡ್ಡದು ಮಾಡಿ ಕೊಳ್ಳುವುದೋ, ಇಲ್ಲದುದನ್ನು ಸಂಪಾದಿಸುವುದೋ? ಉತ್ತರವು ಕಷ್ಟವಾದುದಲ್ಲ.

ಇದರಲ್ಲಿ ನಮ್ಮ ಭಾಷೆಯ ಪ್ರಶ್ನೆಯೂ ಅಡಗಿದೆ. ಕೆ.ಪಿ. ರಾಯರು ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸವು ಸರಳವೂ ಶಾಸ್ತ್ರೀಯವೂ ಆದುದು. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶವು ಅದನ್ನು ನಾಡಿನ ಕಚೇರಿಗಳಿಗೆಲ್ಲ ಒಯ್ದಿತು. ವ್ಯಂಜನಕ್ಕೆ ಸ್ವರವನ್ನು ಕೂಡಿಸಿ ಗುಣಿತಾಕ್ಷರವನ್ನೂ, ನಡುವೆ ಕೊಂಡಿಯ ಕೀಲಿಯನ್ನೊತ್ತಿ ಒತ್ತಕ್ಷರವನ್ನೂ ಮೂಡಿಸುವ ಆ ಕ್ರಮವನ್ನು ಬಾಲ್ಯದಲ್ಲಿ ಹತ್ತೂ ಬೆರಳುಗಳಿಂದ ಕಲಿತವನು ಕನ್ನಡದಲ್ಲಿ ಪುಟಗಟ್ಟಲೆ ಬರೆಯಬಲ್ಲನು. ಗಾಜಿನ ಮೇಲೆ ಎರಡು ಹೆಬ್ಬೆರಳುಗಳಿಂದ ಅಕ್ಷರ ಹುಡುಕುವವನು ಎರಡು ಸಾಲು ಬರೆದು ದಣಿಯುತ್ತಾನೆ; ಇಲ್ಲವೆ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಗೀಚಿ ಮುಗಿಸುತ್ತಾನೆ. ಸರ್ಕಾರಿ ನೌಕರರು ಗಣಕದ ಸಾಕ್ಷರತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂದು 2012ರಲ್ಲಿ ನಿಯಮ ಮಾಡಿದ ಸರ್ಕಾರವು, ಆ ನೌಕರರಾಗತಕ್ಕ ಮಕ್ಕಳಿಗೆ ಕೀಲಿಮಣೆಯೇ ಇಲ್ಲದ ಯಂತ್ರವನ್ನು ಕೊಡುವುದು ವಿಚಿತ್ರವಲ್ಲವೆ?

ಮೂರನೆಯದು ಬಾಳಿಕೆ. ಲ್ಯಾಪ್‌ಟಾಪ್ ಹಳತಾದರೆ ಅನೇಕ ಮಾದರಿಗಳಲ್ಲಿ ಬ್ಯಾಟರಿಯನ್ನೂ ಸಂಗ್ರಾಹಕವನ್ನೂ ಬದಲಾಯಿಸಬಹುದು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲವು ನಿಂತುದರಿಂದ ಕಚೇರಿಗಳು ಕಳಚಿಹಾಕಿದ ಯಂತ್ರಗಳಿಗೆ ಲಿನಕ್ಸ್ ಎಂಬ ಸ್ವತಂತ್ರ ಕಾರ್ಯವ್ಯವಸ್ಥೆಯನ್ನು ತುಂಬಿ ಮತ್ತೆ ಹಲವು ವರ್ಷ ದುಡಿಸಬಹುದು. ಕೇರಳದ ಸರ್ಕಾರಿ ಶಾಲೆಗಳು ಸ್ವತಂತ್ರ ತಂತ್ರಾಂಶದಿಂದಲೇ ಅನೇಕ ವರ್ಷಗಳಿಂದ ಪಾಠ ನಡೆಸುತ್ತಿರುವುದನ್ನು ನಮ್ಮ ಅಧಿಕಾರಿಗಳು ಹೋಗಿ ನೋಡಬಹುದು. ಟ್ಯಾಬ್ಲೆಟ್ಟು ಬಹುಶಃ ಅಂಟು ಹಾಕಿ ಮುಚ್ಚಿದ ಪೆಟ್ಟಿಗೆ. ಗಾಜು ಒಡೆದರೆ ದುರಸ್ತಿಯ ಖರ್ಚು ಅರ್ಧ ಬೆಲೆಯನ್ನು ನುಂಗುತ್ತದೆ, ತಯಾರಕನು ಪರಿಷ್ಕರಣಗಳನ್ನು ನಿಲ್ಲಿಸಿದ ದಿನದಿಂದ ಅದು ಮುದಿಯಾಗುತ್ತದೆ. ಟ್ಯಾಬ್ಲೆಟ್ ಸಹಿತವಾಗಿ ಪಾಠಗಳನ್ನು ಮಾರಿದ ಬೆಂಗಳೂರಿನ ಬೈಜೂಸ್ ಸಂಸ್ಥೆಯು 2024ರ ಜುಲೈಯಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾದುದನ್ನು ಎಲ್ಲರೂ ಬಲ್ಲರು. ಒಂದು ಕಂಪನಿಯ ಪಾಠಕ್ಕೆ ಮಾತ್ರ ಒಗ್ಗಿದ ಯಂತ್ರವನ್ನು ಕೊಳ್ಳುವವರು ಆ ಕಂಪನಿಯ ಭಾಗ್ಯಕ್ಕೆ ತಮ್ಮ ಹಣವನ್ನು ಕಟ್ಟಿದಂತೆಯೇ ಸರಿ.

ಆದುದರಿಂದ ಗೃಹಸ್ಥರಿಗೆ ನಮ್ಮ ಸೂಚನೆಗಳಿವು. ಐದನೆಯ ತರಗತಿಯವರೆಗೆ ಮಗುವಿಗೆ ಸ್ವಂತದ ಯಂತ್ರವೇ ಬೇಡ. ಪುಸ್ತಕ, ಕಾಗದ, ಪೆನ್ಸಿಲ್ ಇವು ಸಾಕು. ಆರು, ಏಳನೆಯ ತರಗತಿಗಳಲ್ಲಿ ಅವಶ್ಯಬಿದ್ದರೆ ಮನೆಯ ಫೋನನ್ನೋ ಎಲ್ಲರಿಗೂ ಸೇರಿದ ಒಂದು ಟ್ಯಾಬ್ಲೆಟ್ಟನ್ನೋ ಹಿರಿಯರ ಎದುರಿನಲ್ಲಿ ಬಳಸಲಿ. ಎಂಟನೆಯ ತರಗತಿಯಿಂದ ಮೇಲೆ, ಹಣವು ಒಂದೇ ಯಂತ್ರಕ್ಕೆ ಸಾಲುವುದಾದರೆ, ಅದು ಲ್ಯಾಪ್‌ಟಾಪೇ ಆಗಲಿ. ಅದನ್ನು ಮನೆಯ ಮೇಜಿನ ಮೇಲೆ ಇರಿಸಲಿ, ಚೀಲದಲ್ಲಿ ಹೊರಿಸುವುದು ಬೇಡ. 8 ಜಿ.ಬಿ. ಮೆಮೊರಿ, 256 ಜಿ.ಬಿ.ಯ ಎಸ್.ಎಸ್.ಡಿ. ಸಂಗ್ರಾಹಕ, 14 ಅಂಗುಲದ ಪರದೆ ಇಷ್ಟಿದ್ದರೆ ಶಾಲೆಯ ಕೆಲಸಕ್ಕೆ ಯಥೇಷ್ಟ. ಹೊಸದಕ್ಕೆ ಸಾಲ ಮಾಡುವುದಕ್ಕಿಂತ, ನಂಬಿಕೆಯ ಅಂಗಡಿಯಲ್ಲಿ ಖಾತರಿ ಪತ್ರದೊಡನೆ ದೊರೆಯುವ ದುರಸ್ತಾದ ಹಳೆಯ ಯಂತ್ರವು ಲೇಸು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯು ಕಂತಿನ ವ್ಯಾಪಾರದ ಈ ಕಾಲಕ್ಕೂ ಸಲ್ಲುತ್ತದೆ. ಟ್ಯಾಬ್ಲೆಟ್ಟಿಗೆ ಪ್ರತ್ಯೇಕ ಕೀಲಿಮಣೆಯನ್ನೂ ಲೇಖನಿಯನ್ನೂ ಕೊಳ್ಳುವವರು ಮೂರರ ಬೆಲೆಯನ್ನೂ ಕೂಡಿಸಿ ನೋಡಲಿ. ಅನೇಕ ವೇಳೆ ಆ ಮೊತ್ತವು ಲ್ಯಾಪ್‌ಟಾಪಿನ ಬೆಲೆಯನ್ನು ಮುಟ್ಟಿರುತ್ತದೆ.

ಸರ್ಕಾರದವರಿಗೆ ಹೇಳತಕ್ಕದ್ದು ಮೂರು ಮಾತುಗಳು. ತಲೆಗೊಂದು ಹಲಗೆಯನ್ನು ಹಂಚುವ ಬದಲು ಪ್ರತಿ ಪ್ರೌಢಶಾಲೆಯಲ್ಲಿಯೂ ಲ್ಯಾಪ್‌ಟಾಪ್‌ಗಳ ಒಂದು ಕೋಣೆಯನ್ನು ಕಟ್ಟಿ, ಬಡ ವಿದ್ಯಾರ್ಥಿಗಳಿಗೆ ಗ್ರಂಥಾಲಯದ ಪುಸ್ತಕದಂತೆ ಎರವಲು ಕೊಡುವ ಏರ್ಪಾಡು ಮಾಡಲಿ. ಕೊಳ್ಳುವ ಹಣದ ಜೊತೆಗೆ ದುರಸ್ತಿಗೂ ಉಪಾಧ್ಯಾಯರ ಶಿಕ್ಷಣಕ್ಕೂ ವರ್ಷ ವರ್ಷವೂ ಹಣವಿಡಲಿ. ಪೆಟ್ಟಿಗೆಯಲ್ಲಿ ಧೂಳು ತಿನ್ನುವ ಗಣಕಗಳು ನಮ್ಮ ಶಾಲೆಗಳಿಗೆ ಅಪರಿಚಿತವಲ್ಲ. ಮತ್ತು 2025ರ ಸೆಪ್ಟೆಂಬರ್ 22ರಿಂದ ಶಾಲಾ ನೋಟುಪುಸ್ತಕದ ಮೇಲಿನ ಜಿ.ಎಸ್.ಟಿ. ತೆರಿಗೆಯನ್ನು ಸಂಪೂರ್ಣ ತೆಗೆದವರು, ವಿದ್ಯಾರ್ಥಿಯ ಗಣಕದ ಮೇಲಿನ ನೂರಕ್ಕೆ 18ರ ತೆರಿಗೆಯನ್ನೂ ಇಳಿಸುವ ಮಾರ್ಗವನ್ನು ಹುಡುಕಲಿ. ಈ ಯಂತ್ರಗಳನ್ನು ದೇಶದಲ್ಲೇ ತಯಾರಿಸುವುದಕ್ಕಾಗಿ 2023ರಲ್ಲಿ 17,000 ಕೋಟಿ ರೂಪಾಯಿಗಳ ಪ್ರೋತ್ಸಾಹ ಯೋಜನೆಯನ್ನು ಸಾರಿದ ಕೇಂದ್ರ ಸರ್ಕಾರಕ್ಕೆ, ಅಗ್ಗವಾಗಿ ಕೊಳ್ಳಬಲ್ಲ ವಿದ್ಯಾರ್ಥಿವೃಂದವೊಂದು ಇದ್ದರೆ ಆ ಉದ್ಯಮಕ್ಕೂ ಬಲವೆಂಬುದು ತಿಳಿಯದ ವಿಷಯವಲ್ಲ.

ಸ್ವಾತಂತ್ರ್ಯ ಬಂದು ಮುಕ್ಕಾಲು ಶತಮಾನವು ಕಳೆದ ಮೇಲೆ, ನಮ್ಮ ಮಕ್ಕಳು ಪರರು ಮಾಡಿಟ್ಟ ಚಿತ್ರಗಳನ್ನೂ ಮಾತುಗಳನ್ನೂ ನೋಡಿ ಕೇಳುವ ಗಿರಾಕಿಗಳಾಗಿ ಮಾತ್ರ ಬೆಳೆಯಬಾರದು. ತಾವೇ ಬರೆಯುವವರೂ ಎಣಿಸುವವರೂ ರಚಿಸುವವರೂ ಆಗಬೇಕು, ಅದೂ ತಮ್ಮ ತಾಯ್ನುಡಿಯಲ್ಲಿ. ಆ ಕೆಲಸಕ್ಕೆ ಒದಗುವ ಸಾಧನವಾವುದೆಂದು ವಿಚಾರಿಸಿ ಕೊಳ್ಳುವ ಹೊಣೆಯು ತಂದೆತಾಯಿಗಳದು, ಕೊಡುವ ಹೊಣೆಯು ಸರ್ಕಾರದವರದು. ಮುಂದಿನ ಆಯವ್ಯಯ ಪಟ್ಟಿಯನ್ನು ಸಿದ್ಧಪಡಿಸುವ ಅಧಿಕಾರಿಗಳು ಟೆಂಡರು ಕರೆಯುವುದಕ್ಕೆ ಮುಂಚೆ ಹತ್ತು ಪ್ರೌಢಶಾಲೆಗಳಿಗೆ ಹೋಗಿ, ಹಿಂದೆ ಹಂಚಿದ ಯಂತ್ರಗಳು ಈಗ ಎಲ್ಲಿವೆ, ಏನು ಕೆಲಸ ಮಾಡುತ್ತಿವೆ ಎಂದು ಕಣ್ಣಾರೆ ನೋಡಿ ಬರಬೇಕೆಂದು ಪ್ರಾರ್ಥಿಸುತ್ತೇವೆ.