ಕಲ್ಲಿನ ಭಾರ ಸಾಲದು, ಬೋಲ್ಟಿನ ಬಿಗಿ ಬೇಕು

ಕರಾವಳಿಯಿಂದ ಬಂದ ನಮಗೆ ಗಾಳಿ ಮಳೆ ಹೊಸತಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತಕ್ಕೆ ಉಳ್ಳಾಲದ ಕಡಲು ಹೇಗೆ ಉಕ್ಕಿತ್ತೆಂದು ನಮ್ಮವರು ಮರೆತಿಲ್ಲ. ಆದರೆ ಘಟ್ಟ ಹತ್ತಿ ತುಮಕೂರಿನ ಬೆಳ್ಳಾವಿಗೆ ಬಂದ ಮೇಲೆ, ಸಮುದ್ರವೇ ಇಲ್ಲದ ಊರಲ್ಲಿ ಗಾಳಿಗೆ ಹೆದರುವುದೇನು ಅಂದುಕೊಂಡಿದ್ದೆವು. ಅದು ನಮ್ಮ ತಪ್ಪು.

ಇಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದವರೆಗೆ ಸುಡುಬಿಸಿಲು. ಅಸರ್ ಹೊತ್ತಿಗೆ ಮೋಡ ಕಟ್ಟಿ, ಮಳೆಗಿಂತ ಮೊದಲು ಗಾಳಿ ನುಗ್ಗುತ್ತದೆ. ಚಂಡಮಾರುತದಂತೆ ದಿನಗಳ ಮೊದಲೇ ಸುದ್ದಿ ಕೊಟ್ಟು ಬರುವುದಿಲ್ಲ. ಸ್ವಲ್ಪ ಹೊತ್ತಿನಲ್ಲೇ ತೆಂಗು, ಅಡಕೆ ಉರುಳಿಸಿ ಹೋಗುತ್ತದೆ. ಕಳೆದ ಬೇಸಿಗೆಯ ಒಂದು ಸಂಜೆ ನಮ್ಮ ಮದ್ರಸದ ಎರಡು ಶೀಟು ಹಾರಿ ಪಕ್ಕದ ತೋಟಕ್ಕೆ ಬಿದ್ದವು. ಅದರ ಮೇಲಿಟ್ಟಿದ್ದ ಕಲ್ಲು ಒಳಗೆ, ಮಕ್ಕಳು ಕೂರುವ ಬೆಂಚಿನ ಮೇಲೆ ಬಿದ್ದಿತ್ತು. ಮಕ್ಕಳು ಆಗಲೇ ಮನೆ ಸೇರಿದ್ದರು, ಅಲ್‌ಹಮ್ದುಲಿಲ್ಲಾಹ್.

ಈಗ ಹೊಸ ಕೊಠಡಿಯ ಕೆಲಸ ನಡೆದಿದೆ. "ಎಲ್ಡು ಕಲ್ಲು ಜಾಸ್ತಿ ಮಡಗುದ್ರೆ ಆಯ್ತು ಬುಡಿ ಗುರುಗಳೇ" ಎಂದರು ಮೇಸ್ತ್ರಿ. ನಾವು ಒಪ್ಪಲಿಲ್ಲ.

ಲೆಕ್ಕ ನೋಡಿ. ಕಟ್ಟಡಗಳ ಗಾಳಿಯ ಲೆಕ್ಕಕ್ಕೆ ನಮ್ಮ ದೇಶದಲ್ಲಿ ಐಎಸ್ 875, ಮೂರನೇ ಭಾಗ ಎಂಬ ನಿಯಮವಿದೆ. ಅದರಲ್ಲಿ ಮಂಗಳೂರಿಗೆ ಸೆಕೆಂಡಿಗೆ 39 ಮೀಟರ್, ಬೆಂಗಳೂರಿಗೆ 33 ಮೀಟರ್ ಗಾಳಿಯ ವೇಗ ಹಿಡಿದಿದ್ದಾರೆ. 33 ಮೀಟರ್ ಅಂದರೆ ಗಂಟೆಗೆ ಸುಮಾರು 120 ಕಿ.ಮೀ. ಆ ವೇಗದಲ್ಲಿ ಒಂದು ಚದರ ಮೀಟರಿಗೆ ಸುಮಾರು 65 ಕೆ.ಜಿ. ಒತ್ತಡ ಬೀಳುತ್ತದೆ. ಅಷ್ಟೇ ಅಗಲದ ತಗಡಿನ ಶೀಟು ತೂಗುವುದು ನಾಲ್ಕೈದು ಕೆ.ಜಿ. ಮೇಲಿಂದ ಗಾಳಿ ಎಳೆಯುತ್ತದೆ, ತೆರೆದ ಬಾಗಿಲಿಂದ ನುಗ್ಗಿದ ಗಾಳಿ ಒಳಗಿಂದ ಎತ್ತುತ್ತದೆ. ಕಲ್ಲು ಏನು ಮಾಡೀತು?

ಆದ್ದರಿಂದ ಶೀಟನ್ನು ಕಬ್ಬಿಣದ ಪೈಪಿಗೆ ವಾಷರ್ ಹಾಕಿ ಬೋಲ್ಟಿನಿಂದ ಬಿಗಿಯಬೇಕು. ಗಾಳಿಯ ಎಳೆತ ಹೆಚ್ಚಿರುವುದು ಅಂಚು, ಮೂಲೆಗಳಲ್ಲಿ. ಅಲ್ಲಿ ಬೋಲ್ಟು ಹತ್ತಿರ ಹತ್ತಿರ ಇರಲಿ. ಪೈಪನ್ನು ಗೋಡೆಯ ಮೇಲೆ ಸುಮ್ಮನೆ ಕೂರಿಸದೆ, ಕಾಂಕ್ರೀಟ್ ಬೆಲ್ಟಿನಲ್ಲಿ ಹೂತ ಕಂಬಿಗೆ ಕಟ್ಟಬೇಕು. ಗೋಡೆಯಿಂದಾಚೆ ಶೀಟು ಹೆಚ್ಚು ಚಾಚಬಾರದು. ಮಾಡು ಕೂರುವ ಮೊದಲಿನ ಒಂಟಿ ಗೋಡೆಗೆ ಆನಿಕೆ ಕೊಡಬೇಕು. ಸಂಜೆ ಕೆಲಸ ಬಿಡುವಾಗ ಬಿಡಿ ಶೀಟು, ಹಲಗೆಗಳನ್ನು ಕಟ್ಟಿ ಹೋಗಬೇಕು. ಮೇಲಿನ ನೀರಿನ ಟ್ಯಾಂಕ್ ಖಾಲಿ ಬಿಡಬಾರದು. ಮಿನಾರದ ಮೈಕಿನ ಬೋಲ್ಟು ಸಡಿಲಾಗಿದೆಯೇ ನೋಡಬೇಕು.

"ಎಲ್ಲ ಅಲ್ಲಾಹನ ಕೈಯಲ್ಲಿದೆ ಉಸ್ತಾದ್" ಎನ್ನುವವರಿದ್ದಾರೆ. ನಿಜವೇ. ಆದರೆ ಮೊದಲು ಒಂಟೆಯನ್ನು ಕಟ್ಟಿ, ಆಮೇಲೆ ತವಕ್ಕುಲ್ ಇಡುವುದನ್ನು ನಮಗೆ ಕಲಿಸಿದವರು ಪ್ರವಾದಿಯವರು (ಸ.ಅ.). ಶೀಟಿಗೂ ಅದೇ ಪಾಠ.

ಜಮಾಅತಿನ ದುಡ್ಡು ಅಮಾನತ್, ಮಕ್ಕಳು ಅದಕ್ಕಿಂತ ದೊಡ್ಡ ಅಮಾನತ್. ನಮ್ಮ ಕಮಿಟಿ ಈ ಸಲ ಮುಂಬಾಗಿಲಿನ ಕಮಾನು ಮುಂದಕ್ಕೆ ಹಾಕಿ, ಆ ಹಣವನ್ನು ಬೋಲ್ಟು, ಕಂಬಿಗೆ ಕೊಟ್ಟಿದೆ. ಕಮಾನು ಇನ್‌ಶಾ ಅಲ್ಲಾಹ್ ಮುಂದಿನ ವರ್ಷ ಆದೀತು. ನಿಮ್ಮ ಮೊಹಲ್ಲಾದಲ್ಲೂ ಈ ಶುಕ್ರವಾರ ಜುಮಾ ಮುಗಿದ ಮೇಲೆ ನಾಲ್ಕು ಜನ ಸೇರಿ ಒಮ್ಮೆ ಮಾಡಿನ ಕಡೆ ತಲೆಯೆತ್ತಿ ನೋಡಿ.