ಕ್ಷಯಾಣುವಿನ ಮೇಣದ ಕವಚ

ಎರಡು ವಾರ ಕಳೆದರೂ ಬಿಡದ ಕೆಮ್ಮಿಗೆ ಕಾರಣಗಳು ಹಲವು. ಅದು ಕ್ಷಯವೇ ಅಲ್ಲವೇ ಎಂಬುದನ್ನು ರೋಗಿಯ ಕೃಶವಾದ ಮೈಯನ್ನು ನೋಡಿಯಾಗಲಿ, ಎದೆಯ ಸದ್ದನ್ನು ಆಲಿಸಿಯಾಗಲಿ ನಿಶ್ಚಯಿಸಲಾಗದು, ರೋಗಾಣುವನ್ನೇ ಹಿಡಿಯಬೇಕು. ಒಂದು ಗಾಜಿನ ಪಟ್ಟಿ, ಎರಡು ಬಣ್ಣ, ಕೊಂಚ ಆಮ್ಲ, ಒಂದು ಸೂಕ್ಷ್ಮದರ್ಶಕ, ಇಷ್ಟರಿಂದಲೇ ಅದನ್ನು ಕಾಣುವ ಅಗ್ಗದ ಉಪಾಯವೊಂದನ್ನು ನಾವು 140 ವರ್ಷಗಳಿಂದ ಬಲ್ಲೆವು.

1882ನೆಯ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕಾಖ್ ಕ್ಷಯಾಣುವಿನ ಶೋಧವನ್ನು ಪ್ರಕಟಿಸಿದನು. ಅವನು ಬಣ್ಣ ಹಾಕಿದ ಕ್ರಮ ನಿಧಾನದ್ದು. ಎರ್ಲಿಕ್, ಜೀಲ್, ನೀಲ್ಸನ್ ಎಂಬುವರು ಒಂದೆರಡು ವರ್ಷಗಳಲ್ಲಿಯೇ ಅದನ್ನು ಸುಲಭಗೊಳಿಸಿದರು. ಕೊನೆಯ ಇಬ್ಬರ ಹೆಸರಿನ ವಿಧಾನ ಇಂದಿಗೂ ಬಳಕೆಯಲ್ಲಿದೆ.

ಇದರ ಗುಟ್ಟೆಲ್ಲ ಕ್ಷಯಾಣುವಿನ ಹೊರಮೈಯಲ್ಲಿದೆ. ಮೈಕಾಲಿಕ್ ಆಮ್ಲವೆಂಬ ಮೇಣದಂಥ ವಸ್ತು ಅದನ್ನು ಕವಚದಂತೆ ಸುತ್ತಿರುವುದರಿಂದ ಸಾಮಾನ್ಯ ಬಣ್ಣಗಳು ಒಳಹೊಗುವುದೇ ಕಷ್ಟ. ಕಫವನ್ನು ಗಾಜಿನ ಮೇಲೆ ತೆಳುವಾಗಿ ಸವರಿ ಒಣಗಿಸಿ, ಕಾರ್ಬಾಲಿಕ್ ಆಮ್ಲ ಬೆರೆತ ಫುಕ್ಸಿನ್ ಎಂಬ ಕೆಂಪು ಬಣ್ಣವನ್ನು ಸುರಿದು, ಹಬೆಯಾಡುವವರೆಗೆ ಕೆಳಗಿನಿಂದ ಕಾಯಿಸಿದರೆ (ಕುದಿಯಬಾರದು) ಬಣ್ಣ ಕವಚವನ್ನು ದಾಟುತ್ತದೆ. ಆಮೇಲೆ ನೀರು ಬೆರೆಸಿದ ಗಂಧಕಾಮ್ಲದಿಂದ ತೊಳೆದರೆ ಹೆಚ್ಚುಕಡಿಮೆ ಉಳಿದೆಲ್ಲ ಜೀವಾಣುಗಳೂ ಬಣ್ಣಗೆಡುತ್ತವೆ; ಕ್ಷಯಾಣು ಒಮ್ಮೆ ಹಿಡಿದ ಕೆಂಪನ್ನು ಬಿಟ್ಟುಕೊಡದು. ಕಡೆಗೆ ಮೆಥಿಲೀನ್ ನೀಲಿಯನ್ನು ಹಚ್ಚಿ, ಸಾವಿರ ಪಟ್ಟು ಹಿಗ್ಗಿಸಿ ನೋಡಿದರೆ ನೀಲಿಯ ಬಯಲಿನಲ್ಲಿ ಕೆಂಪು ಕಡ್ಡಿಗಳು!

ಈ ಅಗ್ಗದ ವಿಧಾನದ ಬೆಲೆ ನಮ್ಮ ನಾಡಿನಲ್ಲಿಯೇ ಸ್ಪಷ್ಟವಾಯಿತು. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯಲ್ಲಿ ನಡೆಸಿದ ಅಧ್ಯಯನವೊಂದು 1963ರಲ್ಲಿ ಪ್ರಕಟವಾಯಿತು. ರೋಗಿಗಳು ಅಜ್ಞಾನದಿಂದ ಮನೆಯಲ್ಲಿ ಕುಳಿತಿರಲಿಲ್ಲ. ಹೆಚ್ಚಿನವರಿಗೆ ತಮ್ಮ ಲಕ್ಷಣಗಳ ಅರಿವಿದ್ದಿತು. ಹಲವರು ಆಸ್ಪತ್ರೆಗೂ ಹೋಗಿ, ಕೆಮ್ಮಿನ ಔಷಧ ಪಡೆದು ಹಿಂದಿರುಗಿದ್ದರು. ಎಕ್ಸ್-ಕಿರಣ ಯಂತ್ರವನ್ನು ಹೊತ್ತು ಊರೂರು ಅಲೆಯುವುದಕ್ಕಿಂತ, ಕೆಮ್ಮುತ್ತ ಬಂದವರ ಕಫವನ್ನು ಅಲ್ಲಿಯೇ ಪರೀಕ್ಷಿಸುವುದು ಮೇಲಲ್ಲವೆ?

ಆದರೆ ‘ಕಾಣಲಿಲ್ಲ’ ಎಂದರೆ ‘ಇಲ್ಲ’ವೆಂದಲ್ಲ. ಒಂದು ಮಿಲಿಲೀಟರ್ ಕಫದಲ್ಲಿ 5,000ದಿಂದ 10,000ದಷ್ಟು ಕ್ಷಯಾಣುಗಳಿದ್ದ ಹೊರತು ಅವು ಕಣ್ಣಿಗೆ ಬೀಳುವುದು ದುರ್ಲಭ. ಮಕ್ಕಳಲ್ಲಿಯೂ ಎಚ್.ಐ.ವಿ. ಸೋಂಕಿತರಲ್ಲಿಯೂ ರೋಗ ಹೀಗೆ ಎಷ್ಟೋ ಸಲ ಕಣ್ತಪ್ಪುತ್ತದೆ. ಆರಮೀನ್ ಬಣ್ಣ ಹಚ್ಚಿ ಎಲ್.ಇ.ಡಿ. ದೀಪದ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಣುಗಳು ಹೊಳೆಯುವುದರಿಂದ ಶೋಧನೆ ಚುರುಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಇದನ್ನು ಶಿಫಾರಸು ಮಾಡಿತು.

ಕೆಂಪು ಕಡ್ಡಿಗಳೆಲ್ಲ ಕ್ಷಯಾಣುಗಳೂ ಅಲ್ಲ. ಮಣ್ಣಿನಲ್ಲಿ, ನೀರಿನಲ್ಲಿ ಇರುವ ಅದರ ದಾಯಾದಿಗಳಿಗೂ ಅಂಥದೇ ಕವಚವುಂಟು. ಮೊಟ್ಟೆಯಿಂದ ಮಾಡಿದ ಆಹಾರಕ್ಕೆ ಪ್ಯಾರಾನೈಟ್ರೊಬೆಂಜೋಯಿಕ್ ಆಮ್ಲವನ್ನು ಬೆರೆಸಿ ಬೆಳೆಸಿದರೆ ಕ್ಷಯಾಣು ಬೆಳೆಯದು, ದಾಯಾದಿಗಳಲ್ಲಿ ಬಹುಪಾಲು ಬೆಳೆಯುತ್ತವೆ. ವೆಚ್ಚ ಅಲ್ಪ, ಆದರೆ ಈ ಅಣು ಒಮ್ಮೆ ಇಬ್ಭಾಗವಾಗಲು 15–20 ಗಂಟೆ ಬೇಕಾದುದರಿಂದ ವಾರಗಟ್ಟಲೆ ಕಾಯಬೇಕು. ರೋಗಾಣುವಿನ ಡಿ.ಎನ್.ಎ.ಯನ್ನು ಗುರುತಿಸುವ ಟ್ರೂನ್ಯಾಟ್ ಮೊದಲಾದ ಯಂತ್ರಗಳು ಗಂಟೆಗಳಲ್ಲಿ ಉತ್ತರ ಕೊಟ್ಟು, ರಿಫಾಂಪಿಸಿನ್ ಔಷಧಕ್ಕೆ ಜಗ್ಗದ ತಳಿಯನ್ನೂ ತಿಳಿಸುತ್ತವೆ. ಇಂದು ಮೊದಲ ಆಯ್ಕೆ ಅವೇ. ಸತ್ತ ಅಣುವಿನ ಡಿ.ಎನ್.ಎ.ಯೂ ಅವಕ್ಕೆ ಸಿಕ್ಕುವುದರಿಂದ, ಚಿಕಿತ್ಸೆ ಫಲಿಸುತ್ತಿದೆಯೇ ಎಂದು ಅರಿಯಲು ಮಾತ್ರ ಹಳೆಯ ಗಾಜಿನ ಪಟ್ಟಿಯನ್ನು ಇನ್ನೂ ಆಶ್ರಯಿಸುತ್ತೇವೆ.

ಪರೀಕ್ಷೆ ಯಾವುದೇ ಇರಲಿ, ಕೊಡಬೇಕಾದುದು ಬಾಯಿಯ ಉಗುಳಲ್ಲ. ಮುಂಜಾನೆ ಎದ್ದೊಡನೆ ಆಳವಾಗಿ ಉಸಿರೆಳೆದು, ಎದೆಯೊಳಗಿನಿಂದ ಕೆಮ್ಮಿ ತೆಗೆದ ಕಫ.